‘ರಾಶಿ & ಬೆಟ್ಟೆ’ ಎಂದು ಬರೆದರೆ & ಚಿಹ್ನೆಗೆ ಬಾಲ ಬೆಳೆಯುತ್ತಿದೆ: ಪರಿಹಾರವೇನು?

ಪ್ರಶ್ನೆ (ಶಿರಸಿ)

ನಮಸ್ಕಾರ. ನಮ್ಮ ಕಡೆಯ ಅಡಿಕೆ ಬೆಳೆಗಾರರ ಸಣ್ಣ ಗುಂಪೊಂದಕ್ಕಾಗಿ ದಿನದ ಧಾರಣೆ ತೋರಿಸುವ ಪುಟವನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ನಾನೇ ನೋಡಿಕೊಳ್ಳುತ್ತಿದ್ದೇನೆ. ಸದಸ್ಯರೊಬ್ಬರು ಟಿಪ್ಪಣಿಯಲ್ಲಿ ‘ರಾಶಿ & ಬೆಟ್ಟೆ ಎರಡೂ ಇವೆ’ ಎಂದು ಬರೆದರು (ರಾಶಿ, ಬೆಟ್ಟೆ, ಚಾಲಿ ಅಡಿಕೆಯ ವಿಧಗಳು). ಮೊದಲು ಸರಿಯಾಗಿಯೇ ಕಂಡಿತು. ತೂಕ ತಿದ್ದಿ ಮತ್ತೆ ಉಳಿಸಿದಾಗ ‘ರಾಶಿ &ಎಎಂಪಿ; ಬೆಟ್ಟೆ’ ಎಂದಾಯಿತು (ರೋಮನ್ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ). ಮೂರನೆಯ ಸಲ ಉಳಿಸಿದಾಗ ‘&ಎಎಂಪಿ;ಎಎಂಪಿ;’ ಆಯಿತು. ಟಿಪ್ಪಣಿಯನ್ನು ಉಳಿಸುವ ಮೊದಲು ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್ ಬಳಸುತ್ತೇನೆ; ಪುಟದಲ್ಲಿ ವಿಶೇಷ ಅರ್ಥವುಳ್ಳ &, <, > ಚಿಹ್ನೆಗಳನ್ನು ಅದು &ಎಎಂಪಿ; ಥರದ ಸಂಕೇತಗಳಾಗಿ ಬದಲಿಸುತ್ತದೆ (ಇದೇ ಎನ್‌ಕೋಡಿಂಗ್). ತಿದ್ದುವ ಫಾರ್ಮ್‌ನಲ್ಲಿಯೂ ಬಳಸಿದ್ದೇನೆ.

ಇನ್ನೊಂದು ವಿಚಿತ್ರವಿದೆ. ‘ಮಾಲಿನ ವಿವರ’ ಎಂಬ ಕಾಲಮ್‌ಗೆ ನಾನು ಎನ್‌ಕೋಡಿಂಗ್ ಮಾಡಿಲ್ಲ. ಅಲ್ಲಿ <ಚಾಲಿ> ಎಂದು ಬರೆದರೆ ಹಾಗೆಯೇ ಕಾಣುತ್ತದೆ, ಅದೇ ಪದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಪೂರ್ತಿ ಮಾಯವಾಗುತ್ತದೆ. ಹಾಗಾದರೆ ಕನ್ನಡ ಪಠ್ಯಕ್ಕೆ ಈ ಅಪಾಯವೇ ಇಲ್ಲವೆಂದು ತಿಳಿಯಬಹುದೇ?

ಉತ್ತರ 1 (ಕಾರವಾರ)

ಹಾಗೆ ತಿಳಿಯಬೇಡಿ. < ಚಿಹ್ನೆಯ ಬೆನ್ನಿಗೇ ರೋಮನ್ ಅಕ್ಷರ ಬಂದರೆ ಮಾತ್ರ ಬ್ರೌಸರ್ ಅದನ್ನು ಟ್ಯಾಗಿನ (ಪುಟದ ರಚನೆಯನ್ನು ಬ್ರೌಸರ್‌ಗೆ ಹೇಳುವ ಗುರುತಿನ) ಆರಂಭವೆಂದು ಓದುತ್ತದೆ. ಕನ್ನಡ ಅಕ್ಷರ ಬಂದರೆ < ಚಿಹ್ನೆಯನ್ನು ಬರಿಯ ಪಠ್ಯವಾಗಿ ಬಿಟ್ಟುಬಿಡುತ್ತದೆ. ನಿಮ್ಮ <ಚಾಲಿ> ಉಳಿದದ್ದು ಅದರಿಂದಲೇ. ಆದರೆ </ಚಾಲಿ> ಎಂದು ಬರೆದು ನೋಡಿ, ಅದು ಮಾಯವಾಗುತ್ತದೆ, ಏಕೆಂದರೆ ಓರೆಗೆರೆಯ ನಂತರ ರೋಮನ್ ಅಕ್ಷರ ಸಿಗದಿದ್ದಾಗ > ಬರುವವರೆಗಿನ ಎಲ್ಲವನ್ನೂ ಬ್ರೌಸರ್ ಕಾಮೆಂಟ್ ಎಂದು ಎಣಿಸುತ್ತದೆ. ಅಲ್ಲದೆ ಆ ಕಾಲಮ್‌ನಲ್ಲಿ ಯಾರಾದರೂ ಸ್ಕ್ರಿಪ್ಟ್ ಟ್ಯಾಗ್ ಬರೆದರೆ ಅದರೊಳಗಿನ ಕೋಡ್ ಪುಟ ತೆರೆದ ಪ್ರತಿಯೊಬ್ಬರ ಬ್ರೌಸರ್‌ನಲ್ಲೂ ಓಡುತ್ತದೆ. ಅದನ್ನು ಇಂದೇ ಸರಿಪಡಿಸಿ.

ಬಾಲ ಬೆಳೆಯುವುದಕ್ಕೆ ಕಾರಣ ನೀವೇ ಹೇಳಿದ್ದೀರಿ. ಉಳಿಸುವಾಗ & ಚಿಹ್ನೆಯು &ಎಎಂಪಿ; ಆಗಿ ಡೇಟಾಬೇಸ್ ಸೇರುತ್ತದೆ. ತಿದ್ದುವ ಫಾರ್ಮ್ ಅದನ್ನು ಮತ್ತೊಮ್ಮೆ ಎನ್‌ಕೋಡ್ ಮಾಡುವುದರಿಂದ ಸದಸ್ಯರ ಕಣ್ಣಿಗೆ &ಎಎಂಪಿ; ಎಂಬ ಅಕ್ಷರಗಳೇ ಬೀಳುತ್ತವೆ, ಉಳಿಸಿದಾಗ ಅದರೊಳಗಿನ & ಪುನಃ ಎನ್‌ಕೋಡ್ ಆಗುತ್ತದೆ. ಸದಸ್ಯರು ಟೈಪ್ ಮಾಡಿದ್ದನ್ನು ಟೈಪ್ ಮಾಡಿದಂತೆಯೇ ಡೇಟಾಬೇಸ್‌ನಲ್ಲಿಡಿ. ಎನ್‌ಕೋಡಿಂಗ್ ಪುಟಕ್ಕೆ ಬರೆಯುವ ಸಾಲಿನಲ್ಲಿ ಮಾತ್ರ, ಒಂದೇ ಸಲ ನಡೆಯಲಿ.

ಉತ್ತರ 2 (ಕುಮಟಾ)

ಮೇಲಿನವರ ಮಾತು ಸರಿ. ಆದರೆ ಪಠ್ಯ ಪುಟದ ಯಾವ ಜಾಗಕ್ಕೆ ಹೋಗುತ್ತಿದೆ ಎಂಬುದನ್ನೂ ನೋಡಬೇಕು. ಅಟ್ರಿಬ್ಯೂಟ್‌ನೊಳಗೆ (ಟ್ಯಾಗಿನೊಳಗೆ ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ಮೌಲ್ಯ) ಹೋಗುವುದಾದರೆ ಉದ್ಧರಣ ಚಿಹ್ನೆಗಳೂ &#34; ಮತ್ತು &#39; ಆಗಿ ಬದಲಾಗಲೇಬೇಕು. ಪಿಎಚ್‌ಪಿ 8.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ಫಂಕ್ಷನ್, ನಾವಾಗಿ ಹೇಳದ ಹೊರತು, ಒಂಟಿ ಉದ್ಧರಣ ಚಿಹ್ನೆಯನ್ನು ಮುಟ್ಟುತ್ತಿರಲಿಲ್ಲ. ಕೊಂಡಿಯ ವಿಳಾಸಕ್ಕೆ ಊರಿನ ಹೆಸರು ಹೋಗುವುದಾದರೆ ಶೇಕಡಾ ಚಿಹ್ನೆಯ ಬೇರೆಯೇ ಎನ್‌ಕೋಡಿಂಗ್ ಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಹೀಗಾಗಿ ‘ಕಾರವಾರ’ದ 6 ಸಂಕೇತಗಳು (ದೀರ್ಘದ ಗುರುತುಗಳೂ ಸೇರಿ) ವಿಳಾಸದಲ್ಲಿ 54 ಅಕ್ಷರಗಳಾಗುತ್ತವೆ. ಆ ಉದ್ದ ಕಂಡು ಗಾಬರಿಯಾಗಬೇಡಿ.

ಸುರಕ್ಷತೆಯ ಹೆಸರಿನಲ್ಲಿ ಕಣ್ಣಿಗೆ ಕಾಣದ ಸಂಕೇತಗಳನ್ನೆಲ್ಲ ಕಿತ್ತುಹಾಕುವ ಕೋಡನ್ನು ದಯವಿಟ್ಟು ಸೇರಿಸಬೇಡಿ. ನಾನು ಒಮ್ಮೆ ಹಾಗೆ ಮಾಡಿ &#8204; ಸಂಕೇತವನ್ನು ಅಳಿಸಿದ್ದೆ; ‘ಮಾರ್ಕೆಟ್‌ಯಾರ್ಡ್’ ಎಂದಿದ್ದುದೆಲ್ಲ ‘ಮಾರ್ಕೆಟ್ಯಾರ್ಡ್’ ಎಂದು ಒತ್ತಕ್ಷರವಾಗಿ ಕೂಡಿಕೊಂಡಿತು. ನಮ್ಮ ಲಿಪಿಗೆ ಆ ಸಂಕೇತ ಬೇಕೇ ಬೇಕು.

ಪ್ರಶ್ನೆ ಕೇಳಿದವರು (ಶಿರಸಿ)

ಇಬ್ಬರಿಗೂ ಧನ್ಯವಾದಗಳು. ಈಗಾಗಲೇ ಡೇಟಾಬೇಸ್ ಸೇರಿರುವ ಹಳೆಯ ಟಿಪ್ಪಣಿಗಳನ್ನು ಏನು ಮಾಡಲಿ? ಕೆಲವಕ್ಕೆ ಒಂದು ಬಾಲ, ಕೆಲವಕ್ಕೆ ನಾಲ್ಕು ಇವೆ.

ಉತ್ತರ 3 (ಕಾರವಾರ)

ಕ್ರಮ ತಪ್ಪಬಾರದು. ಡೇಟಾಬೇಸ್‌ನ ಒಂದು ಪ್ರತಿ ತೆಗೆದಿಟ್ಟುಕೊಂಡು, ಮೊದಲು ಪುಟಕ್ಕೆ ಬರೆಯುವ ಕಡೆಗಳಲ್ಲೆಲ್ಲ ಎನ್‌ಕೋಡಿಂಗ್ ಹಾಕಿ, ಉಳಿಸುವ ಕಡೆಯದನ್ನು ತೆಗೆಯಿರಿ. ಆ ಹೊತ್ತಿಗೆ ಹಳೆಯ ಟಿಪ್ಪಣಿಗಳಲ್ಲಿ ಇನ್ನೊಂದು ಬಾಲ ಕಾಣುತ್ತದೆ. ನೋಡಲು ಚೆನ್ನಾಗಿಲ್ಲ, ಆದರೆ ಅಪಾಯವಿಲ್ಲ. ಆಮೇಲೆ ಡೇಟಾಬೇಸ್‌ನಲ್ಲಿರುವುದನ್ನು ಡಿಕೋಡ್ ಮಾಡಿ, ಅಂದರೆ ಸಂಕೇತಗಳನ್ನು ಮೂಲ ಚಿಹ್ನೆಗಳಾಗಿ ಮರಳಿಸಿ. ಇದನ್ನೇ ತಿರುಗುಮುರುಗು ಮಾಡಿದರೆ, ಡಿಕೋಡ್ ಆದ ಟ್ಯಾಗ್‌ಗಳು ನಡುವಿನ ಅವಧಿಯಲ್ಲಿ ನಿಜವಾದ ಟ್ಯಾಗ್‌ಗಳಾಗಿಯೇ ಪುಟ ಸೇರುತ್ತವೆ.

ಬಾಲಗಳ ಸಂಖ್ಯೆ ಬೇರೆ ಬೇರೆ ಇರುವುದರಿಂದ, ಫಲಿತಾಂಶ ಬದಲಾಗದಿರುವವರೆಗೆ ಪ್ರತಿ ಸಾಲನ್ನು ಮತ್ತೆ ಮತ್ತೆ ಡಿಕೋಡ್ ಮಾಡಬಹುದು. &ಎಎಂಪಿ; ಎಂಬುದನ್ನೇ ಉದ್ದೇಶಪೂರ್ವಕವಾಗಿ ಬರೆದವರಿದ್ದರೆ ಅವರ ಪಠ್ಯ ಕೆಡುತ್ತದೆ, ಆದರೆ ಅಡಿಕೆ ಧಾರಣೆಯ ಟಿಪ್ಪಣಿಯಲ್ಲಿ ಅಂಥದ್ದು ಇರಲಿಕ್ಕಿಲ್ಲ. ಈ ಆವರ್ತನೆ ಶುದ್ಧೀಕರಣದ ಒಂದು ಸಲಕ್ಕೆ ಮಾತ್ರ. ದಿನನಿತ್ಯದ ಕೋಡಿನಲ್ಲಿ ಅದನ್ನು ಉಳಿಸಬೇಡಿ.

ಪ್ರಶ್ನೆ ಕೇಳಿದವರು (ಶಿರಸಿ)

ಹೇಳಿದ ಕ್ರಮದಲ್ಲಿಯೇ ಮಾಡಿದೆ. ಅದೇ ಟಿಪ್ಪಣಿಯನ್ನು ಐದು ಸಲ ತೆರೆದು ಉಳಿಸಿ ನೋಡಿದೆ, ‘ರಾಶಿ & ಬೆಟ್ಟೆ’ ಹಾಗೆಯೇ ಇದೆ. </ಚಾಲಿ> ಕೂಡ ಈಗ ಬರೆದಂತೆಯೇ ಕಾಣುತ್ತಿದೆ.