ಗಾಜಿಗೆ ಮಂಜು, ಮೀಟರಿನಲ್ಲಿ ಹಳದಿ ದೀಪ: ಚಾರ್ಮಾಡಿಗೆ ಇಳಿಯುವ ಮುನ್ನ ಮೆಕ್ಯಾನಿಕರನ್ನು ಕೇಳಿ

ಪ್ರಶ್ನೆ (ಶಿಕ್ಷಕಿ, ಚಿಕ್ಕಮಗಳೂರು)

ನಮಸ್ಕಾರ ಸರ್. ಎರಡು ತಿಂಗಳ ಹಿಂದೆ 2018ರ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ಕೈಪಿಡಿ ಜೊತೆಗೆ ಬರಲಿಲ್ಲ. ಓಡಿಸಲು ಬರುತ್ತದೆ, ಆದರೆ ಎಷ್ಟೋ ಗುಂಡಿಗಳ ಅರ್ಥ ತಿಳಿಯದು.

ಕಳೆದ ಭಾನುವಾರ ಅಮ್ಮ, ಅತ್ತೆ, ಮಗಳ ಜೊತೆ ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಒದ್ದೆ ಕೊಡೆಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡು ಮತ್ತೆ ಹತ್ತಿದೆವು. ಘಾಟಿಯ ಮೊದಲ ಕೆಲವು ತಿರುವುಗಳಲ್ಲಿಯೇ ಮುಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ವೈಪರ್ ಜೋರು ಮಾಡಿದರೂ ಹೋಗಲಿಲ್ಲ. ಚಳಿಯೆಂದು ಎ.ಸಿ. ಹಾಕಿರಲಿಲ್ಲ, ಫ್ಯಾನ್ ಒಂದರಲ್ಲಿತ್ತು. ಕಾರಿನ ಚಿತ್ರದೊಳಗೆ ಬಾಣ ಸುತ್ತಿಕೊಂಡಿರುವ ಗುಂಡಿಯ ದೀಪ ಉರಿಯುತ್ತಿತ್ತು. ಕಾರಿನ ಹಿಂದಿನ ಮಾಲೀಕರು ಹಾಗೆಯೇ ಬಿಟ್ಟಿದ್ದರು. ಅಮ್ಮ ಸೆರಗಿನಿಂದ ಒರೆಸುತ್ತಲೇ ಬಂದರು. ಎದುರಿಗೆ ಬಸ್ ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅದೇ ಹೊತ್ತಿಗೆ ಮೀಟರಿನಲ್ಲಿ ಕುದುರೆ ಲಾಳದಂಥ ಹಳದಿ ದೀಪ ಹತ್ತಿತು, ನಡುವೆ ಉದ್ಗಾರ ಚಿಹ್ನೆ.

ಗಾಜು ಹಾಗಾಗದಂತೆ ಏನು ಮಾಡಬೇಕು? ಆ ದೀಪ ಯಾವುದು? ಟೈರಿನ ಮೇಲೆ 185/65 ಆರ್ 15, 88 ಎಚ್ ಎಂದಿದೆ. ಅದನ್ನೂ ದಯವಿಟ್ಟು ಬಿಡಿಸಿ ಹೇಳಿ.

ಉತ್ತರ (ಗ್ಯಾರೇಜಿನವರು)

ಮೇಡಂ, ಎಲ್ಲರೂ ಕ್ಷೇಮವಾಗಿ ಮುಟ್ಟಿದಿರಲ್ಲ, ಓದಿ ನಿಟ್ಟುಸಿರು ಬಿಟ್ಟೆ. ಮಳೆಗಾಲದಲ್ಲಿ ನನ್ನ ಬಳಿ ಬರುವ ಜಜ್ಜಿದ ಬಂಪರುಗಳಲ್ಲಿ ಎಷ್ಟೋ ಈ ಬೆಳ್ಳಗಾದ ಗಾಜಿನಿಂದಲೇ ಆದವು. ಆದ್ದರಿಂದ ಮೊದಲು ಗಾಜಿನ ವಿಷಯ, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಿಮ್ಮ ಗಾಜಿನ ಮೇಲಿದ್ದದ್ದು ಘಾಟಿಯ ಮಂಜಲ್ಲ, ನಿಮ್ಮೆಲ್ಲರ ಉಸಿರು. ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಸೀರೆಯಂಚು, ಕಾಲಡಿಯ ಮ್ಯಾಟ್ ಎಲ್ಲವೂ ಕಾರಿನೊಳಗಿನ ಗಾಳಿಗೆ ನೀರು ಸೇರಿಸುತ್ತಿದ್ದವು. ಹೊರಗಿನ ಮಳೆಗೆ ಗಾಜು ತಣ್ಣಗಾಗಿತ್ತು. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಮೈ ಬೆವರುವುದಿಲ್ಲವೇ, ಗಾಜಿನ ಒಳಮೈಯಲ್ಲಿ ಆದದ್ದೂ ಅದೇ. ಒಳಗಿನ ತೇವವನ್ನು ಹೊರಗಿನ ವೈಪರ್ ಹೇಗೆ ತೆಗೆದೀತು? ಅದರ ಮೇಲೆ ಆ ಸುತ್ತುವ ಬಾಣದ ಗುಂಡಿ. ಅದು ಉರಿಯುತ್ತಿದ್ದರೆ ಹೊರಗಿನ ಗಾಳಿಯ ಬಾಗಿಲು ಮುಚ್ಚಿ, ಒಳಗಿನ ತೇವದ ಗಾಳಿಯೇ ಸುತ್ತುತ್ತಿರುತ್ತದೆ.

ಎ.ಸಿ. ಎಂದರೆ ತಂಪು ಎಂದಷ್ಟೇ ನಾವು ತಿಳಿದಿದ್ದೇವೆ. ನಮ್ಮ ಮಲೆನಾಡಿನಲ್ಲಿ ಅದರ ದೊಡ್ಡ ಉಪಯೋಗ ಗಾಳಿಯನ್ನು ಒಣಗಿಸುವುದು. ಡ್ಯಾಶ್‌ಬೋರ್ಡಿನ ಹಿಂದೆ ಕೂಲಿಂಗ್ ಕಾಯಿಲ್ ಇದೆ. ಗಾಳಿ ಅದರ ಮೂಲಕ ಹಾಯುವಾಗ ಅದರಲ್ಲಿನ ನೀರು ಕಾಯಿಲ್‌ಗೆ ಅಂಟಿ, ಸಣ್ಣ ಕೊಳವೆಯಿಂದ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಹೀಗೆ ಒಣಗಿದ ಗಾಳಿ ಆಮೇಲೆ ಹೀಟರಿನ ಮೂಲಕ ಹಾಯಬಹುದು. ಹೀಟರಿನಲ್ಲಿ ಓಡುವುದು ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡಲು ಸುತ್ತಿ ತಾನು ಬಿಸಿಯಾದ ದ್ರವ, ಆ ಬಿಸಿಗೆ ಬೇರೆ ಪೆಟ್ರೋಲ್ ಬೇಡ. ಎ.ಸಿ., ಬಿಸಿ ಎರಡನ್ನೂ ಒಟ್ಟಿಗೆ ಹಾಕಿದರೆ ಏನಾದರೂ ಕೆಡುತ್ತದೆಯೇ ಎಂದು ತುಂಬ ಜನ ಅಂಜುತ್ತಾರೆ. ಏನೂ ಕೆಡುವುದಿಲ್ಲ. ಗಾಜು ತಿಳಿಯಾಗಬೇಕಾದರೆ ಎರಡೂ ಒಟ್ಟಿಗೇ ಬೇಕು.

ಕೊಟ್ಟಿಗೆಹಾರ ಬಿಡುವ ಮೊದಲೇ ಹೀಗೆ ಮಾಡಿಕೊಳ್ಳಿ. ಸುತ್ತುವ ಬಾಣವನ್ನು ಆರಿಸಿ. ಗಾಳಿಯ ದಿಕ್ಕಿನ ನಾಬನ್ನು ಬೀಸಣಿಗೆಯಾಕಾರದ ಗಾಜಿನ ಮೇಲೆ ಡೊಂಕು ಬಾಣಗಳಿರುವ ಚಿತ್ರಕ್ಕೆ ತಿರುಗಿಸಿ, ಅದು ಮುಂದಿನ ಗಾಜು. ಎ.ಸಿ. ಒತ್ತಿ, ಬಿಸಿಯ ನಾಬನ್ನು ಕೆಂಪಿನ ಕಡೆಗೆ ಅರ್ಧದಾಚೆ ತಿರುಗಿಸಿ, ಫ್ಯಾನನ್ನು ಮೂರಕ್ಕೆ ಏರಿಸಿ. ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ಗಾಜು ತೆರೆದುಕೊಳ್ಳುವುದನ್ನು ನೀವೇ ನೋಡುತ್ತೀರಿ. ಆಮೇಲೆ ಫ್ಯಾನ್ ತಗ್ಗಿಸಬಹುದು. ಆಯತಾಕಾರದಲ್ಲಿ ಅದೇ ಡೊಂಕು ಬಾಣಗಳಿರುವ ಗುಂಡಿ ಹಿಂದಿನ ಗಾಜಿನದು. ಗಾಜಿನಲ್ಲಿರುವ ಸಣ್ಣ ತಂತಿಗೆರೆಗಳನ್ನು ಕಾಯಿಸುತ್ತದೆ. ಆ ಗೆರೆಗಳನ್ನು ಉಗುರಿನಿಂದ ಕೆರೆಯಬೇಡಿ.

ಅಮ್ಮನವರಿಗೆ ನನ್ನದೊಂದು ಕೋರಿಕೆ: ಸೆರಗಿನಿಂದಲಾಗಲಿ ಕೈಯಿಂದಲಾಗಲಿ ಒರೆಸುವುದು ಬೇಡ. ಬೆರಳಿನ ಜಿಡ್ಡು ಗಾಜಿಗೆ ಅಂಟುತ್ತದೆ, ರಾತ್ರಿ ಎದುರಿನ ದೀಪ ಬಿದ್ದಾಗ ಆ ಗೀರುಗಳೆಲ್ಲ ಹೊಳೆದು ರಸ್ತೆಯೇ ಮರೆಯಾಗುತ್ತದೆ. ವಾರಕ್ಕೊಮ್ಮೆ ಗಾಜಿನ ಒಳಮೈಯನ್ನು ಒಗೆದ ಹತ್ತಿ ಬಟ್ಟೆಯಿಂದ ಒರೆಸಿಡಿ. ಕೊಡೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿ.

ಇನ್ನು ಲಾಳದ ದೀಪ. ಅದು ಟೈರನ್ನು ಅಡ್ಡ ಕೊಯ್ದಾಗ ಕಾಣುವ ಆಕಾರ, ಗಾಳಿ ಕಡಿಮೆಯಾಗಿದೆ ಎಂದು ಅರ್ಥ. ಬಹಳ ಕಾರುಗಳಲ್ಲಿ ಗಾಳಿ ಚೆನ್ನಾಗಿಯೇ ಇಳಿದ ಮೇಲೆ ಇದು ಹತ್ತುತ್ತದೆ, ಹಗುರವಾಗಿ ಕಾಣಬೇಡಿ. ಹೊರಗಿನ ಕಾವು ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿಯೂ ಸುಮಾರು ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಮೊದಲೇ ಕಡಿಮೆ ಇದ್ದ ಟೈರು ಘಾಟಿಯ ತಂಪಿಗೆ ಗೆರೆ ದಾಟಿರಬೇಕು. ನಾಳೆ ಬೆಳಿಗ್ಗೆ, ಕಾರು ಓಡಿ ಬಿಸಿಯಾಗುವ ಮೊದಲು ಗಾಳಿ ನೋಡಿಸಿ. ನಾಲ್ಕರಲ್ಲಿ ಒಂದೇ ಟೈರು ಇಳಿದಿದ್ದರೆ ಮೊಳೆ ಹೊಕ್ಕಿರಬಹುದು, ಪಂಕ್ಚರ್ ಅಂಗಡಿಯಲ್ಲಿ ನೀರಿಗೆ ಹಾಕಿ ನೋಡುತ್ತಾರೆ.

ಪ್ರಶ್ನೆ (ಶಿಕ್ಷಕಿ)

ತುಂಬ ಉಪಕಾರವಾಯಿತು ಸರ್. ಒಂದು ಗೊಂದಲ ಉಳಿದಿದೆ. ಬೆಳ್ತಂಗಡಿ ಕಡೆ ಇಳಿದ ಮೇಲೆ ಸೆಕೆಯೆಂದು ಎ.ಸಿ. ಜೋರು ಮಾಡಿದೆ. ಸಂಜೆ ಮತ್ತೆ ಗಾಜು ಮಬ್ಬಾಯಿತು. ಎ.ಸಿ. ಹಾಕಿದರೂ ಹೀಗೇಕೆ?

ಉತ್ತರ

ಆ ಸಲದ ಮಬ್ಬು ಗಾಜಿನ ಹೊರಮೈಯಲ್ಲಿತ್ತು. ಘಟ್ಟದ ಕೆಳಗಿನ ಗಾಳಿಯಲ್ಲಿ ತೇವ ಹೆಚ್ಚು, ನಿಮ್ಮ ಎ.ಸಿ. ಗಾಜನ್ನು ಒಳಗಿನಿಂದ ತಣ್ಣಗೆ ಮಾಡಿತ್ತು. ಒಮ್ಮೆ ವೈಪರ್ ಆಡಿಸಿ ನೋಡಿ. ಮಬ್ಬು ಹೋದರೆ ಅದು ಹೊರಗಿನದು: ತಂಪನ್ನು ತಗ್ಗಿಸಿ, ಗಾಳಿಯನ್ನು ಗಾಜಿನಿಂದ ಮುಖದ ಕಡೆಗೆ ತಿರುಗಿಸಿ. ಹೋಗದಿದ್ದರೆ ಒಳಗಿನದು: ಮೇಲೆ ಹೇಳಿದಂತೆ ಮಾಡಿ.

ಸುತ್ತುವ ಬಾಣ ಕೆಟ್ಟ ಗುಂಡಿಯೇನಲ್ಲ. ಕಡೂರಿನ ಬಿಸಿಲಿನಲ್ಲಿ ಕಾರನ್ನು ಬೇಗ ತಂಪು ಮಾಡಲು, ಧೂಳೆಬ್ಬಿಸುವ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಅದು ಬೇಕು. ಆದರೆ ಗಂಟೆಗಟ್ಟಲೆ ಬಿಟ್ಟರೆ ಉಸಿರಿನ ಗಾಳಿಯೇ ಮತ್ತೆ ಮತ್ತೆ ಬಂದು ತೂಕಡಿಕೆ ಹತ್ತುತ್ತದೆ.

ಟೈರಿನ ಅಂಕಿಗಳಿಗೆ ಬರೋಣ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ಸುಮಾರು 120 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, ಟೈರಿನೊಳಗಿನ ನೂಲುಗಳನ್ನು ಜೋಡಿಸಿರುವ ಬಗೆ. 15 ಎಂಬುದು ಇಂಚಿನಲ್ಲಿ ರಿಮ್ಮಿನ ಅಳತೆ. 88 ಭಾರದ ಸಂಕೇತ: ಒಂದು ಟೈರು 560 ಕಿಲೋ ಹೊರಬಲ್ಲದು, ಅದೂ ಸರಿಯಾದ ಗಾಳಿ ಇದ್ದಾಗ ಮಾತ್ರ. ಎಚ್ ವೇಗದ ಅಕ್ಷರ, ಗಂಟೆಗೆ 210 ಕಿಲೋಮೀಟರ್. ಟಿ ಇದ್ದರೆ 190. ಚಾರ್ಮಾಡಿಯಲ್ಲಿ 210 ಯಾರಿಗೆ ಬೇಕು ಎನ್ನಬೇಡಿ. ಆ ಅಕ್ಷರ ಟೈರು ಎಷ್ಟು ಕಾವನ್ನು ತಡೆಯುತ್ತದೆ ಎಂಬುದನ್ನೂ ಹೇಳುತ್ತದೆ. ಹೊಸ ಟೈರು ಕೊಳ್ಳುವಾಗ ಅಂಕಿಯಾಗಲಿ ಅಕ್ಷರವಾಗಲಿ ಕೆಳಗಿಳಿಯಬಾರದು, ಐಎಸ್‌ಐ ಗುರುತೂ ಇರಬೇಕು.

ಎಷ್ಟು ಗಾಳಿ ಹಾಕಬೇಕೆಂಬುದು ಟೈರಿನ ಮೇಲೆ ಬರೆದಿರುವುದಿಲ್ಲ. ಅಲ್ಲಿರುವುದು ಆ ಟೈರು ತಡೆಯುವ ಗರಿಷ್ಠ ಒತ್ತಡ. ನಿಮ್ಮ ಕಾರಿನ ಲೆಕ್ಕ ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿದೆ. ಇಬ್ಬರಿದ್ದಾಗ ಎಷ್ಟು, ಪೂರ್ತಿ ಭಾರವಿದ್ದಾಗ ಎಷ್ಟು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ.

ಕೊನೆಗೆ ಟೈರಿನ ಹುಟ್ಟಿದ ವಾರ. ಪಕ್ಕದ ಗೋಡೆಯಲ್ಲಿ ಚಿಕ್ಕ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಅದನ್ನು ಓದಿ ನನಗೆ ಬರೆಯಿರಿ.

ಪ್ರಶ್ನೆ (ಕಾಫಿ ಬೆಳೆಗಾರರು, ಆಲ್ದೂರು)

ಅಣ್ಣ, ನನ್ನದೂ ಎರಡು ಪ್ರಶ್ನೆ. ಮುಳ್ಳಯ್ಯನಗಿರಿಯಿಂದ ಇಳಿಯುವಾಗ ತಿರುವಿನಲ್ಲಿ ಕೆಂಪು ಬ್ರೇಕ್ ದೀಪ ಮಿಣುಕಿ, ನೇರ ರಸ್ತೆಗೆ ಬಂದ ಕೂಡಲೇ ಆರುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ್ದೇನೆ. ವೈರಿಂಗ್ ಲೂಸ್ ಇರಬಹುದೇ? ಎರಡನೆಯದು, ನನ್ನದೂ ಮೇಡಂ ಅವರ ಅಳತೆಯದೇ ಟೈರು. 195 ಹಾಕಿಸಿದರೆ ಹಿಡಿತ ಹೆಚ್ಚುವುದಲ್ಲವೇ?

ಉತ್ತರ

ಅಣ್ಣ, ವೈರಿಂಗ್ ಇರಬಹುದು ಎಂದುಕೊಂಡು ಇನ್ನೊಂದು ದಿನವೂ ಓಡಿಸಬೇಡಿ. ಬಾನೆಟ್ ಕೆಳಗೆ ಬ್ರೇಕ್ ಆಯಿಲಿನ ಡಬ್ಬಿ ಇದೆ, ಅದರೊಳಗೆ ಮಟ್ಟ ನೋಡುವ ತೇಲು ಇದೆ. ಆಯಿಲ್ ಅಂಚಿಗೆ ಬಂದಿದ್ದರೆ ಇಳಿಜಾರಿನ ತಿರುವಿನಲ್ಲಿ ಅದು ಒಂದು ಬದಿಗೆ ವಾಲಿ, ತೇಲು ಕೆಳಗೆ ಕೂತು ದೀಪ ಹತ್ತುತ್ತದೆ. ನೇರಕ್ಕೆ ಬಂದರೆ ಆರುತ್ತದೆ. ನೀವು ಬರೆದದ್ದು ಇದಕ್ಕೆ ತಾಳೆಯಾಗುತ್ತದೆ. ಸುಮ್ಮನೆ ಆಯಿಲ್ ತುಂಬಿಸಿ ಕಳುಹಿಸುವವರ ಮಾತು ಕೇಳಬೇಡಿ. ಆಯಿಲ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಬ್ರೇಕ್ ಪ್ಯಾಡ್ ಸವೆದಾಗ ಮಟ್ಟ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನ್ನೂ ಚಕ್ರ ಬಿಚ್ಚಿಯೇ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. 1,930 ಮೀಟರ್ ಎತ್ತರದ ಬೆಟ್ಟದಿಂದ ಇಳಿಯುವಾಗ ಎರಡನೆಯ ಗೇರಿನಲ್ಲಿಯೇ ಬನ್ನಿ, ಎಂಜಿನ್ನೇ ಕಾರನ್ನು ಹಿಡಿದಿಡಲಿ.

ಮೀಟರಿನ ಬಣ್ಣಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಸಿರು, ನೀಲಿ ಬರೀ ಸುದ್ದಿ. ಹಳದಿ ಎಂದರೆ ಬೇಗ ತೋರಿಸಿ. ಕೆಂಪು ಎಂದರೆ ನಿಲ್ಲಿಸಿ. ಕೆಂಪಿನಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಎಂಜಿನ್ ಆಯಿಲಿನ ದೀಪ. ನಮ್ಮ ಮನೆಗಳ ಗಿಂಡಿಯ ಆಕಾರ, ಮೂತಿಯಲ್ಲಿ ಒಂದು ಹನಿ. ಎಂಜಿನ್ನಿನೊಳಗೆ ಆಯಿಲಿನ ಒತ್ತಡವಿಲ್ಲ ಎಂದು ಅದು ಹೇಳುತ್ತದೆ. ಮುಂದಿನ ಊರಿನವರೆಗೆ ಹೋಗೋಣ ಎಂದು ಎರಡು ಕಿಲೋಮೀಟರ್ ಓಡಿಸಿದ ಎಂಜಿನ್ ಬಿಚ್ಚಿದ್ದೇನೆ. ಬೇರಿಂಗುಗಳು ಸುಟ್ಟು ನೀಲಿಗಟ್ಟಿ, ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೆ ಕಚ್ಚಿಕೊಂಡಿದ್ದವು. ಗಿಂಡಿ ಹತ್ತಿದರೆ ಸುರಕ್ಷಿತ ಜಾಗಕ್ಕೆ ಸರಿಸಿ ಆಗಲೇ ಎಂಜಿನ್ ಆರಿಸಿ. ಹಳದಿ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಬರಬಹುದು. ಮಿಣುಕುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಹಾಗೆ ಓಡಿಸಬಾರದು. ಬಲ್ಬುಗಳು ಸರಿ ಇವೆಯೇ ಎಂದು ತಿಳಿಯಲು ಸ್ಟಾರ್ಟ್ ಮಾಡುವ ಮೊದಲು ಕೀ ತಿರುಗಿಸಿ ಕಾಯಿರಿ, ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹತ್ತಬೇಕು.

ನೀಲಿಯೂ ಒಂದು ಕಡೆ ಮುಖ್ಯ. ಮಂಜಿನಲ್ಲಿ ನೀಲಿ ದೀಪ ಕಂಡರೆ ನೀವು ಹೈ ಬೀಮ್ ಹಾಕಿದ್ದೀರಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್‌ಗೆ ಇಳಿಸಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದೂ ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಎಂಬುದೇ ಹಿಂದಿನವರಿಗೆ ತಿಳಿಯುವುದಿಲ್ಲ.

ಟೈರಿನ ಮಾತು: 195/65 ಹಾಕಿದರೆ ಚಕ್ರದ ಒಟ್ಟು ವ್ಯಾಸ 13 ಮಿಲಿಮೀಟರ್ ಹೆಚ್ಚುತ್ತದೆ, ಮೀಟರ್ ತೋರಿಸುವುದಕ್ಕಿಂತ ನೂರಕ್ಕೆ ಎರಡರಷ್ಟು ಜೋರಾಗಿ ಓಡುತ್ತೀರಿ. ನೀರು ನಿಂತ ರಸ್ತೆಯಲ್ಲಿ ಹಿಡಿತ ಕೊಡುವುದು ಅಗಲಕ್ಕಿಂತ ಹೆಚ್ಚಾಗಿ ಟೈರಿನ ಸೀಳುಗಳ ಆಳ. ಅವು ನೀರನ್ನು ಪಕ್ಕಕ್ಕೆ ತಳ್ಳುತ್ತವೆ. ಕಂಪನಿ ಕೊಟ್ಟ ಅಳತೆಯನ್ನೇ ಉಳಿಸಿಕೊಳ್ಳಿ.

ಪ್ರಶ್ನೆ (ಶಿಕ್ಷಕಿ)

ಸರ್, ಇವತ್ತು ನೋಡಿದೆ. ಹೊರಗಡೆ ನಾಲ್ಕು ಅಂಕಿ ಸಿಗಲಿಲ್ಲ. ನನ್ನ ಮಗಳು ಮೊಬೈಲ್ ಟಾರ್ಚ್ ಹಿಡಿದು ಕಾರಿನಡಿಗೆ ಬಗ್ಗಿ, ಟೈರಿನ ಒಳಬದಿಯಲ್ಲಿ ಓದಿದಳು. ಮುಂದಿನ ಎರಡೂ 2318, ಹಿಂದಿನವು 4022. ಎಡಗಡೆ ಮುಂದಿನದರಲ್ಲಿ ಗಾಳಿ 22 ಮಾತ್ರ ಇತ್ತು, ಚೀಟಿಯಲ್ಲಿ 33 ಇದೆ. ಮುಂದಿನವು ಪಾಲಿಶ್ ಹಾಕಿ ಕಪ್ಪಗೆ ಹೊಳೆಯುತ್ತಿವೆ, ಸೀಳುಗಳೂ ಆಳವಾಗಿವೆ. ಬದಲಿಸಬೇಕೇ?

ಉತ್ತರ

ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಪೂರ್ತಿ ಗುರುತು ಎಷ್ಟೋ ಟೈರುಗಳಲ್ಲಿ ಒಂದೇ ಬದಿಗಿರುತ್ತದೆ, ಅದು ಒಳಗೆ ಬಂದರೆ ಯಾರೂ ನೋಡುವುದಿಲ್ಲ.

2318 ಎಂದರೆ 2018ರ 23ನೆಯ ವಾರ, ಜೂನ್ ಆರಂಭ. ಕಾರಿನ ಜೊತೆಗೇ ಬಂದ ಟೈರುಗಳು. ಹಿಂದಿನವು 2022ರ ಅಕ್ಟೋಬರಿನವು. ಸೀಳಿನ ತಳದಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರು ಮುಗಿಯಿತು. ನಿಮ್ಮದು ಇನ್ನೂ ಅಲ್ಲಿಗೆ ಬಂದಿಲ್ಲ. ಆದರೆ ರಬ್ಬರು ಓಡದೆ ನಿಂತರೂ ಮುದಿಯಾಗುತ್ತದೆ, ಗಟ್ಟಿಯಾಗಿ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಪಾಲಿಶನ್ನು ಸೋಪುನೀರಿನಿಂದ ತೊಳೆದು, ಪಕ್ಕದ ಗೋಡೆಯನ್ನು ಬೆರಳಿನಿಂದ ಒತ್ತಿ ಬಿಸಿಲಿಗೆ ನೋಡಿ. ಕೂದಲೆಳೆಯಂಥ ಬಿರುಕುಗಳು ಕಂಡರೆ ಎರಡನೆಯ ಯೋಚನೆ ಬೇಡ. ಬಿರುಕಿಲ್ಲದಿದ್ದರೂ ಆರು ವರ್ಷ ದಾಟಿದ ಟೈರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಳೆಗಾಲದ ಘಾಟಿ ಇಳಿಯಿರಿ ಎಂದು ನನ್ನ ಬಾಯಲ್ಲಿ ಬರುವುದಿಲ್ಲ. 33 ಇರಬೇಕಾದಲ್ಲಿ 22ಕ್ಕೆ ಇಳಿದು ಓಡಿದ ಎಡಗಡೆಯದರ ಒಳಮೈಯೂ ನಲುಗಿರಬಹುದು.

ಎರಡು ಹೊಸ ಟೈರು ಹಾಕಿಸುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, 2022ರವನ್ನು ಮುಂದಕ್ಕೆ ತನ್ನಿ. ಅಂಗಡಿಯವರು ಹೊಸದು ಮುಂದಿರಲಿ ಎನ್ನಬಹುದು, ಒಪ್ಪಬೇಡಿ. ಒದ್ದೆ ತಿರುವಿನಲ್ಲಿ ಮುಂಭಾಗ ಜಾರಿದರೆ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿ ಸಂಭಾಳಿಸಬಹುದು, ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಸ್ಟೆಪ್ನಿಯ ನಾಲ್ಕು ಅಂಕಿಗಳನ್ನೂ ಓದಿಸಿ, ಅದರಲ್ಲಿ ಗಾಳಿ ಇದೆಯೇ ನೋಡಿಸಿ. ಆರಿದ್ರಾ ಮಳೆ ಹಿಡಿಯುವ ಮೊದಲು ಇಷ್ಟು ಮುಗಿಸಿಕೊಂಡು, ಗಾಳಿ ಸರಿ ಮಾಡಿದ ಮೇಲೂ ಲಾಳದ ದೀಪ ಆರದಿದ್ದರೆ ಕಾರನ್ನು ಗ್ಯಾರೇಜಿಗೆ ತನ್ನಿ, ಸೆನ್ಸರ್ ನೋಡುತ್ತೇನೆ.