ಹೆಸರು ತಿರಗ್ತಾವ, ಪುಸ್ತಕ ತಿರಗಲ್ಲ: ತಿಂಗಳ ಓದಿನ ಗುಂಪು ಹೆಂಗ ನಡಸಬೇಕ್ರಿ?

ಸೇಡಂ ರೋಡ್ ಓದುಗ

ನಮಸ್ಕಾರ್ರಿ. ಕಲಬುರಗಿಯೊಳಗ ಎಂಟು ಮಂದಿ ಗೆಳ್ಯಾರ ಗುಂಪು. ಇಬ್ಬರು ಮಾಸ್ತರು, ಒಬ್ರು ರಾತ್ರಿ ಪಾಳಿ ನರ್ಸ್, ಒಬ್ರು ದಾಲ್ ಮಿಲ್ಲಿನ ಲೆಕ್ಕ ಬರೆಯೋರು, ಉಳಿದವರು ಬ್ಯಾಂಕು, ಅಂಗಡಿ. ಒಂದನೇ ತಾರೀಕು ಬಂದ್ರ ಎಲ್ಲಾರೂ ವಾಟ್ಸಾಪ್‌ನ್ಯಾಗ 'ಇದು ಓದ್ರಿ' ಅಂತ ಎರಡು-ಮೂರು ಹೆಸರು ಹಾಕ್ತಾರ. ಹತ್ತನೇ ತಾರೀಕಿಗೆ ಇಪ್ಪತ್ತೂ ಹೆಸರು ಗುಡ್ ಮಾರ್ನಿಂಗ್ ಫೋಟೋದ ಕೆಳಗ ಹೂತು ಹೋಗಿರ್ತಾವ. ಓದೋದು ಯಾರೂ ಇಲ್ಲ.

ಇನ್ನೆರಡು ತೊಡಕು ಅವ. ಒಬ್ರಿಗೆ ಪುಣೆಗೆ ಬದಲಿ ಆಗ್ಯದ. ಇನ್ನೊಬ್ರಿಗೆ ಉರ್ದು, ಇಂಗ್ಲಿಷ್ ಬರ್ತದ, ಕನ್ನಡ ಮಾತಾಡ್ತಾರ, ಓದಲಿಕ್ಕೆ ಬರಲ್ಲ. ಅವರಿಬ್ಬರನ್ನೂ ಬಿಡದಂಗ ನಡಸೋದು ಹೆಂಗ? ಅನುಭವ ಇದ್ದೋರು ಹೇಳ್ರಿ.

ಕಾಗಿಣಾ ದಂಡಿ

ಇಪ್ಪತ್ತು ಹೆಸರು ಬಿದ್ದರೆ ಒಂದನ್ನೂ ಓದದಿರುವುದು ಸಹಜ. ತಪ್ಪು ಓದುವವರದಲ್ಲ, ಹೇಳುವವರದು. ಒಬ್ಬರಿಗೆ ಒಂದೇ ಪುಸ್ತಕ, ಅದೂ ಹೇಳುವವರ ಕೈಯಲ್ಲಿ ಪ್ರತಿ ಇದ್ದರೆ ಮಾತ್ರ. ಪ್ರತಿ ಇಲ್ಲದ ಶಿಫಾರಸು ಲೆಕ್ಕಕ್ಕಿಲ್ಲ ಅಂತ ಮೊದಲೇ ಕಟ್ಟು ಮಾಡಿ. ಅರ್ಧ ಗದ್ದಲ ಅಲ್ಲೇ ನಿಲ್ಲುತ್ತದೆ.

ಆಮೇಲೆ ಸುತ್ತು. ಎಂಟು ಹೆಸರನ್ನು ಒಂದು ಹಾಳೆಯ ಮೇಲೆ ಗುಂಡಗೆ ಬರೆಯಿರಿ. ಪ್ರತಿಯೊಬ್ಬರೂ ಒಂದು ಪುಸ್ತಕ ತರಬೇಕು, ತಿಂಗಳ ಮೊದಲ ಭಾನುವಾರ ತಮ್ಮ ಕೈಲಿದ್ದದ್ದನ್ನು ಹಾಳೆಯಲ್ಲಿ ಮುಂದಿರುವವರಿಗೆ ದಾಟಿಸಬೇಕು. ಏಳು ಸಲ ದಾಟಿದರೆ ಉಳಿದ ಏಳೂ ಪುಸ್ತಕ ಎಲ್ಲರ ಕೈಗೂ ಬಂದು ಹೋಗಿರುತ್ತವೆ. ಎಂಟನೇ ಸಲ ಪುಸ್ತಕ ತನ್ನ ಮನೆ ಸೇರುತ್ತದೆ. ಖರ್ಚು ತಲೆಗೆ ಒಂದು ಪುಸ್ತಕ.

ಇದು ಕೆಡುವುದು ಒಂದೇ ಮಾತಿನಿಂದ: "ಇನ್ನ ನಲವತ್ತು ಪುಟ ಅದ, ಮುಂದಿನ ವಾರ ಕೊಡ್ತೀನಿ." ಒಬ್ಬರು ತಡೆದರೆ ಅವರ ಹತ್ತಿರ ಎರಡು, ಮುಂದಿನವರ ಕೈ ಖಾಲಿ. ಎರಡು ತಿಂಗಳಲ್ಲಿ ಯಾರ ಪುಸ್ತಕ ಎಲ್ಲಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಓದಿರಲಿ ಬಿಡಲಿ, ತಾರೀಕಿಗೆ ಪುಸ್ತಕ ಹೊರಡಬೇಕು. ಒಳಗೊಂದು ಚೀಟಿ ಇಟ್ಟು ನಿಂತ ಪುಟದ ನಂಬರು ಬರೆಯಿರಿ. ಸುತ್ತು ಮುಗಿದ ಮೇಲೆ ಯಜಮಾನರಿಂದ ಕೇಳಿ ತಂದು ಮುಗಿಸಬಹುದು.

ವಾಟ್ಸಾಪ್ ವಿಷಯ. ಧ್ವನಿ ಸಂದೇಶ ಬೇಡವೇ ಬೇಡ, ಆಮೇಲೆ ಹುಡುಕಲು ಬರುವುದಿಲ್ಲ. ಬರೆದದ್ದೇ ಇರಲಿ: ಪುಸ್ತಕ, ಲೇಖಕರು, ಪುಟ ಎಷ್ಟು, ಎಲ್ಲಿಂದ ಓದಲು ಶುರು ಮಾಡಬೇಕು, ಯಾರಿಗೆ ಹಿಡಿಸಲಿಕ್ಕಿಲ್ಲ. ಕೊನೆಯದನ್ನು ಬಿಡಬೇಡಿ, 'ಭಾಳ ಚಂದ ಅದ' ಅನ್ನುವುದಕ್ಕಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಂದೇಶದ ತಲೆಗೆ 'ಪು-03', 'ಪು-04' ಅಂತ ತಿಂಗಳ ಗುರುತು ಹಾಕಿ. 'ಕಥೆ' ಅಂತ ಒಬ್ಬರು, 'ಕತೆ' ಅಂತ ಇನ್ನೊಬ್ಬರು ಬರೆಯುತ್ತಾರೆ, ಹುಡುಕಿದರೆ ಒಂದು ಸಿಕ್ಕು ಇನ್ನೊಂದು ತಪ್ಪುತ್ತದೆ. ಎಲ್ಲರ ಪುಸ್ತಕ ಸೇರಿಸಿದ ಒಂದೇ ಸಂದೇಶವನ್ನು ಪಿನ್ ಮಾಡಿ. ಪಿನ್ ಅವಧಿ 24 ಗಂಟೆ, 7 ದಿನ, 30 ದಿನ ಅಂತ ಕೇಳುತ್ತದೆ, ಕೊನೆಯದನ್ನು ಒತ್ತಿದರೆ ನಿಮ್ಮ ತಿಂಗಳಿಗೆ ಸರಿಹೋಯಿತು.

ಪುಟದ ಲೆಕ್ಕ ಹೀಗೆ ಹಿಡಿಯಿರಿ: ಪುಟಕ್ಕೆ ಎರಡು ನಿಮಿಷ, ದಿನಕ್ಕೆ ಇಪ್ಪತ್ತು ನಿಮಿಷ, ತಿಂಗಳಲ್ಲಿ 25 ದಿನ. 250 ಪುಟ ಆಗುತ್ತದೆ. ಪಾಳಿಯವರಿಗೆ ಅಷ್ಟೂ ಆಗದು, 180 ದಾಟದಿದ್ದರೆ ಒಳ್ಳೆಯದು. ತೊಗರಿ ರಾಶಿಯ ಡಿಸೆಂಬರ್-ಜನವರಿ, ಪರೀಕ್ಷೆ, ಮೌಲ್ಯಮಾಪನದ ಮಾರ್ಚ್-ಏಪ್ರಿಲ್, ನಡುವೆ ಶರಣಬಸವೇಶ್ವರ ಜಾತ್ರೆ: ಈ ತಿಂಗಳುಗಳಲ್ಲಿ ಕಾದಂಬರಿ ಕೊಟ್ಟರೆ ಹಾಗೇ ವಾಪಸು ಬರುತ್ತದೆ. ಕತೆ, ಪ್ರಬಂಧ, ವಚನ ದಾಟಿಸಿ.

ಬೀದರಿನ ಬೈಂಡಿಂಗ್

ಮ್ಯಾಲಿನವರು ಹೇಳಿದ್ದು ಬರೋಬರಿ ಅದ. ಖರೆ, ಎಂಟು ಕೈ ದಾಟೋತನ ಪುಸ್ತಕ ಉಳೀಬೇಕಲ್ಲ?

ಈಗಿನ ಪುಸ್ತಕ ಬಹಳಷ್ಟು ಹೊಲಿಗಿ ಇಲ್ದ, ಬೆನ್ನಿಗಿ ಬಿಸಿ ಅಂಟು ಹಾಕಿದ್ದು. ಏಪ್ರಿಲ್-ಮೇ ಬಿಸಲಾಗ ಸ್ಕೂಟಿ ಡಿಕ್ಕಿದಾಗ ಇಟ್ರ ಅಂಟು ಮೆತ್ತಗ ಆತದ. ಅದನ್ನೇ ಪೂರಾ ಬಿಚ್ಚಿ ಓದಿದ್ರ ನಡುವಿನ ಹಾಳಿ ಕಳಚಿ ಕೈಗಿ ಬರ್ತಾವ. ಬಟ್ಟಿ ಚೀಲದಾಗ ಹಾಕಿ ಹೆಗಲಿಗಿ ಹಾಕ್ಕೊಳ್ರಿ, ಅಷ್ಟೇ.

ಹಾಳಿ ಕಳಚಿದ್ರ ಸೆಲ್ಲೋಟೇಪ್ ಹಚ್ಚಬ್ಯಾಡ್ರಿ. ವರ್ಷ ಎರಡು ವರ್ಷದಾಗ ಹಳದಿ ಆಗಿ, ಜಿಗಟ್ ಬಿಟ್ಟು ಬಾಜೂ ಹಾಳಿನೂ ಹಿಡಿತದ. ಮೈದಾ ಗಂಜಿನೂ ಬ್ಯಾಡ, ಹುಳ ಕರೀತದ. ಫೆವಿಕಾಲ್ ಸಣ್ಣ ಬ್ರಷ್‌ದಾಗ ತಗೊಂಡು ಹಾಳಿ ಅಂಚಿಗಿ ಒಂದೆರಡು ಮಿಲಿಮೀಟರ್ ಅಷ್ಟೇ ಹಚ್ಚಿ, ಬೆನ್ನಿನ ತನಕ ಒಳಗ ದೂಡ್ರಿ. ಎರಡೂ ಕಡಿ ಪ್ಲಾಸ್ಟಿಕ್ ಹಾಳಿ ಇಟ್ಟು, ಮ್ಯಾಲ ಶಹಾಬಾದ ಫರಸಿ ತುಂಡು ಹೇರಿ ರಾತ್ರಿ ಪೂರಾ ಬಿಡ್ರಿ. ಅಂಟು ಜಾಸ್ತಿ ಆದ್ರ ಬಾಜೂ ಹಾಳಿ ಕೂಡ್ತಾವ, ಬಿಡಸ್ಲಿಕ್ಕ ಹೋದ್ರ ಅಕ್ಷರ ಕಿತ್ತು ಬರ್ತಾವ.

ಪುಣೆಯವರಿಗಿ ಜ್ಞಾನ ಪೋಸ್ಟ್ ಅಂತ ಹೇಳಿ ಕಳಸ್ರಿ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಕ್ಕಂತಾನೇ ಶುರು ಮಾಡ್ಯದ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗಿ 100, ತೆರಿಗಿ ಬ್ಯಾರೆ. 200 ಪುಟದ ಡೆಮಿ (ಮಾಮೂಲಿ ಕಾದಂಬರಿ ಅಳತಿ) ಪುಸ್ತಕ, 70 ಜಿಎಸ್‌ಎಂ (ಚದರ ಮೀಟರಿಗಿ 70 ಗ್ರಾಂ ತೂಗೋ) ಹಾಳಿ ಇದ್ರ, 230 ಗ್ರಾಂ ಆಸುಪಾಸು ಬರ್ತದ. ದಪ್ಪ ರಟ್ಟಿನ ಡಬ್ಬಿದಾಗ ಹಾಕಿದ್ರ 300 ದಾಟ್ತದ, ಕಾಗದದ ಲಕೋಟಿ ಸಾಕು. ನೆಲದ ಮಾರ್ಗ ಹೋತದ, ಹಂಗಾಗಿ ಭಾನುವಾರದ ಹತ್ತು ದಿನ ಮೊದಲೇ ಹಾಕ್ರಿ. ಪುಸ್ತಕದ ಮ್ಯಾಲ ಪ್ರಕಾಶಕರ ಇಲ್ಲಾ ಮುದ್ರಕರ ಹೆಸರು ಇರ್ಬೇಕು, ಒಳಗ ಕಾಗದ ಬರೆದಿಡೋ ಹಂಗಿಲ್ಲ. ಪುಟ ನಂಬರಿನ ಚೀಟಿ ತೆಗೆದು ಅದರ ಫೋಟೋ ಕಳಸ್ರಿ.

ಕಾಗಿಣಾ ದಂಡಿ

ಚೀಟಿಯ ಮಾತು ನನಗೆ ಹೊಳೆದಿರಲಿಲ್ಲ. ಪುಣೆಯವರು, ಕನ್ನಡ ಓದಲು ಬಾರದವರು, ಈ ಇಬ್ಬರ ಸರದಿಯನ್ನು ಹಾಳೆಯಲ್ಲಿ ಅಕ್ಕಪಕ್ಕ ಇಡಬೇಡಿ. ಒಂದು ಕಡೆ ಅಂಚೆ ತಡವಾದರೆ ಇನ್ನೊಂದು ಕಡೆ ಭಾಷೆಯ ತೊಡಕು ಸೇರಿ ಎರಡೂ ಪುಸ್ತಕ ಸಿಕ್ಕಿಬೀಳುತ್ತವೆ.

ಫಿಲ್ಟರ್‌ಬೆಡ್ ಅಕ್ಕ

ಕನ್ನಡ ಓದಲು ಬಾರದವರಿಗೆ ವರ್ಷಕ್ಕೆ ಎರಡು ತಿಂಗಳು ಸುತ್ತು ನಿಲ್ಲಿಸಿ, ಎಲ್ಲರೂ ಒಂದೇ ಪುಸ್ತಕ ಓದಿ. ಬಾನು ಮುಷ್ತಾಕ್ ಅವರ ಕತೆಗಳು ಸರಿಯಾಗುತ್ತವೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಅಂತಾರಾಷ್ಟ್ರೀಯ ಬುಕರ್ ಪಡೆಯಿತು. 12 ಕತೆ ಇವೆ, ವಾರಕ್ಕೆ ಮೂರರಂತೆ ತಿಂಗಳಿಗೆ ಮುಗಿಯುತ್ತವೆ. ಒಂದು ಎಚ್ಚರ: ಇದು ಒಂದೇ ಕನ್ನಡ ಪುಸ್ತಕದ ಅನುವಾದವಲ್ಲ, ಬೇರೆ ಬೇರೆ ಸಂಕಲನಗಳಿಂದ ಆರಿಸಿದ್ದು. ನಿಮ್ಮ ಕೈಲಿರುವ ಕನ್ನಡ ಸಂಕಲನದ ಪರಿವಿಡಿಯನ್ನು ಅದರ ಪಕ್ಕದಲ್ಲಿಟ್ಟು, ಎರಡರಲ್ಲೂ ಇರುವ ಕತೆಗಳಿಗೆ ಮೊದಲೇ ಟಿಕ್ ಹಾಕಿ. ಇಲ್ಲದಿದ್ದರೆ ಮಾತಿಗೆ ಕೂತಾಗ ಒಬ್ಬರು ಓದಿದ್ದು ಇನ್ನೊಬ್ಬರ ಪುಸ್ತಕದಲ್ಲೇ ಇರುವುದಿಲ್ಲ.

ಮೊದಲ ಸುತ್ತಿಗೆ ದಪ್ಪದ್ದು ಬೇಡ. ತೇಜಸ್ವಿ ಅವರ 'ಕರ್ವಾಲೊ' ಯಾರ ಕೈಲೂ ನಿಲ್ಲುವುದಿಲ್ಲ. ದೇವನೂರರ 'ಒಡಲಾಳ' ತೆಳು ಅಂತ ಮೋಸ ಹೋಗಬೇಡಿ, ಮೈಸೂರು ಕಡೆಯ ಮಾತು ನಮ್ಮ ಕಿವಿಗೆ ತಕ್ಷಣ ಹತ್ತುವುದಿಲ್ಲ. ಮೊದಲ ಹತ್ತು ಪುಟ ಗಟ್ಟಿಯಾಗಿ ಓದಿದರೆ ದಾರಿ ಸಿಗುತ್ತದೆ. ಗೀತಾ ನಾಗಭೂಷಣ ಅವರ 'ಬದುಕು' ನಮ್ಮದೇ ಭಾಷೆ, 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಆದರೆ ದೊಡ್ಡದು, ಅದನ್ನು ಸುತ್ತಿಗೆ ಹಾಕದೆ ಮಳೆಗಾಲದಲ್ಲಿ ಎರಡು ತಿಂಗಳ ಓದಾಗಿ ಇಡಿ. ಇನ್ನು ರಾಷ್ಟ್ರಕೂಟರ ಮಳಖೇಡ ಹತ್ತಿರ ಅನ್ನೋ ಅಭಿಮಾನಕ್ಕೆ ಯಾರೋ ಒಬ್ಬರು ಅವರ ಕಾಲದ ಹಳಗನ್ನಡ 'ಕವಿರಾಜಮಾರ್ಗ' ತಂದೇ ತರುತ್ತಾರೆ. ಹೊಸಗನ್ನಡ ತಾತ್ಪರ್ಯ ಇರುವ ಪ್ರತಿಯಾದರೆ ಮಾತ್ರ ಒಪ್ಪಿಕೊಳ್ಳಿ.

ಪಿಡಿಎಫ್ ಹಂಚುವುದು ಈ ಗುಂಪುಗಳ ದೊಡ್ಡ ಚಟ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ (1937), ಬಿ.ಎಂ.ಶ್ರೀ (1946) ಇವರ ಬರಹ ಹಂಚಿ, ಯಾರದೂ ತಕರಾರಿಲ್ಲ. ಈಗ ಬರೆಯುತ್ತಿರುವವರದು ಕೊಂಡೇ ಓದಿ.

ಸೇಡಂ ರೋಡ್ ಓದುಗ

ಭಾಳ ಉಪಕಾರ ಆಯ್ತ್ರಿ. ಹಾಳಿ ಬರೆದೀನಿ, ಪುಣೆಯವರನ್ನ ಮೂರನೇ ಜಾಗದಾಗ, ಉರ್ದು ಓದೋರನ್ನ ಏಳನೇ ಜಾಗದಾಗ ಇಟ್ಟೀನಿ. ಇನ್ನೊಂದು ಕೇಳ್ತೀನಿ: ಗೆರಿ ಎಳಿಯೋರು ಇಬ್ಬರದಾರ, ಬಿಡು ಅಂದ್ರ ಬಿಡಲ್ಲ.

ಬೀದರಿನ ಬೈಂಡಿಂಗ್

ಪೆನ್ ಕಸ್ಕೊಂಡು 2ಬಿ ಪೆನ್ಸಿಲ್ ಕೊಡ್ರಿ. ಗೆರಿ ಸಾಲಿನ ಕೆಳಗ ಬ್ಯಾಡ, ಅಂಚಿಗಿ ಉದ್ದಕ್ಕ ಒಂದು ಸಣ್ಣ ಗೀಟು, ಬಾಜೂಕ ಅವರ ಹೆಸರಿನ ಮೊದಲ ಅಕ್ಷರ. ಯಜಮಾನರಿಗಿ ಬ್ಯಾಡ ಅನ್ಸಿದ್ರ ರಬ್ಬರ್‌ಲೆ ಹೋತದ. ಹೈಲೈಟರ್ ತಂದ್ರ ಮಾತ್ರ ಹೊರಗ ಕೂಡ್ಸ್ರಿ, ತೆಳ್ಳನ ಹಾಳಿದಾಗ ಹಿಂದಿನ ಪುಟಕ್ಕ ಇಳಿತದ.