ಗಾಗಲ್ಸ್ ಒಳಗೆ ನೀರು, ಹುಬ್ಬಿನ ಮೇಲೆ ನೋವು: ಮುಖಕ್ಕೆ ಸರಿ ಕೂರುವುದನ್ನು ಆರಿಸುವುದು ಹೇಗೆ?

ಅಜ್ಜರಕಾಡು_ಬೆಳಗ್ಗೆ:

ಎಲ್ಲರಿಗೂ ನಮಸ್ಕಾರ. ಉಡುಪಿ ಅಜ್ಜರಕಾಡಿನ ಈಜುಕೊಳಕ್ಕೆ ಬೆಳಗ್ಗಿನ ಬ್ಯಾಚಿಗೆ ಹೋಗುವವರು, ಮಂಗಳೂರಿನ ಕಡೆಯವರು, ಯಾರಾದ್ರೂ ಹೇಳಿ. ಈಗ ಇರುವುದು ಆನ್‌ಲೈನಲ್ಲಿ ತರಿಸಿದ ಸಾಧಾರಣ ಗಾಗಲ್ಸ್. ಬಲಗಣ್ಣಿಗೆ ಮೂಗಿನ ಬದಿಯಿಂದ ನೀರು ಬರ್ತದೆ. ಅದಕ್ಕೆ ಸ್ಟ್ರ್ಯಾಪ್ ಬಿಗಿ ಮಾಡಿದರೆ ಅರ್ಧ ಗಂಟೆಯೊಳಗೆ ಹುಬ್ಬಿನ ಮೇಲೆ ನೋವು, ಆಮೇಲೆ ತಲೆನೋವು. ಫಾಗ್ ಬೇರೆ.

ಕನ್ನಡಕವೂ ಉಂಟು. ಬಲಗಣ್ಣು -3.00, ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಇರುವ ಹೆಚ್ಚುವರಿ ಪವರ್) -1.00. ಎಡಗಣ್ಣು -4.25, ಸಿಲಿಂಡರ್ ಇಲ್ಲ. ಗಾಗಲ್ಸ್‌ಗೆ ಪವರ್ ಹಾಕಿಸ್ಲಿಕ್ಕೆ ಆಗ್ತದಾ? ಮಳೆಗಾಲ ಮುಗಿದ ಮೇಲೆ ಮಲ್ಪೆಯ ಸಮುದ್ರದಲ್ಲೂ ಈಜುವ ಆಲೋಚನೆ ಉಂಟು. ಒಂದೇ ಸಾಕಾ, ಎರಡು ಬೇಕಾ? ರೇಟ್ ಜಾಸ್ತಿ ಕೊಟ್ಟರೆ ಇದೆಲ್ಲ ಸರಿ ಆಗ್ತದಾ?

ನೀರ್ಕಾಗೆ:

ಕೊನೆಯ ಪ್ರಶ್ನೆಗೆ ಮೊದಲು: ಇಲ್ಲ. ದುಬಾರಿ ಗಾಗಲ್ಸ್‌ನಲ್ಲಿ ಲೆನ್ಸ್ ಚೆನ್ನಾಗಿರ್ತದೆ, ಸಿಲಿಕೋನ್ ಮೆತ್ತಗಿರ್ತದೆ, ಅಷ್ಟೇ. ನಿಮ್ಮ ಕಣ್ಣಿನ ಗುಳಿಯ ಆಕಾರಕ್ಕೆ ಅದು ಹೊಂದದಿದ್ದರೆ ಮೂರು ಸಾವಿರದ್ದೂ ಸೋರ್ತದೆ, ಮುನ್ನೂರರದ್ದೂ ಸೋರ್ತದೆ.

ನೀರು ತಡೆಯುವುದು ಸ್ಟ್ರ್ಯಾಪ್ ಅಲ್ಲ, ಗ್ಯಾಸ್ಕೆಟ್, ಅಂದ್ರೆ ಲೆನ್ಸಿನ ಸುತ್ತ ಇರುವ ಮೆತ್ತಗಿನ ಅಂಚು. ಗಾಗಲ್ಸನ್ನು ಮುಖಕ್ಕೆ ಒತ್ತಿದಾಗ ಒಳಗಿನ ಗಾಳಿ ಚೂರು ಹೊರಗೆ ಹೋಗ್ತದೆ, ಆ ಹೀರುವ ಬಲಕ್ಕೆ ಅಂಚು ಚರ್ಮಕ್ಕೆ ಕಚ್ಚಿಕೊಳ್ತದೆ. ಸ್ಟ್ರ್ಯಾಪ್‌ನ ಕೆಲಸ ಗೋಡೆ ಒದ್ದು ಹೊರಟಾಗ ಅದು ಜಾರದ ಹಾಗೆ ನೋಡಿಕೊಳ್ಳುವುದು ಮಾತ್ರ. ಅತಿಯಾಗಿ ಬಿಗಿದರೆ ಮೆತ್ತಗಿನ ಅಂಚು ಒಳಕ್ಕೋ ಹೊರಕ್ಕೋ ಮಡಚಿ ಅಲ್ಲೇ ಒಂದು ಸಂದು ಬೀಳ್ತದೆ. ಬಿಗಿ ಮಾಡಿದಷ್ಟೂ ಸೋರುವುದು ಇದಕ್ಕೇ.

ಹಾಗಾಗಿ ಅಂಗಡಿಯಲ್ಲಿ ಹೀಗೆ ನೋಡಿ. ಮುಖದ ಬೆವರು, ಕ್ರೀಮು ಒರೆಸಿಕೊಳ್ಳಿ. ಸ್ಟ್ರ್ಯಾಪನ್ನು ತಲೆಗೆ ಹಾಕಬೇಡಿ, ಲೆನ್ಸ್‌ಗಳ ಮುಂದೆ ಬಿಟ್ಟುಬಿಡಿ. ತಲೆ ನೇರ ಇಟ್ಟು, ಎರಡೂ ಕಪ್ಪನ್ನು (ಲೆನ್ಸ್ ಇರುವ ಬಟ್ಟಲಿನಂಥ ಭಾಗ) ಕಣ್ಣಿಗೆ ಹಗುರಕ್ಕೆ ಒತ್ತಿ ಕೈ ತೆಗೆಯಿರಿ. ಎರಡು ಮೂರು ಸೆಕೆಂಡ್ ತಾನಾಗಿ ನಿಂತರೆ ನಿಮ್ಮ ಮುಖಕ್ಕೆ ಆಗ್ತದೆ. ಕೈ ಬಿಟ್ಟ ತಕ್ಷಣ ಬಿದ್ದರೆ ಬೇರೆ ನೋಡಿ, "ಸ್ಟ್ರ್ಯಾಪ್ ಹಾಕಿದ್ರೆ ಸರಿ ಆಗ್ತದೆ" ಅಂತ ಅಂಗಡಿಯವರು ಹೇಳಿದರೂ. ನಿಂತಾಗ ಕಣ್ಣು ಹೊರಗೆ ಎಳೆದ ಹಾಗೆ ಆಗಬಾರದು, ರೆಪ್ಪೆಯ ಕೂದಲು ಲೆನ್ಸಿಗೆ ತಾಗಬಾರದು. ತಾಗಿದರೆ ಇನ್ನೂ ಆಳದ ಕಪ್ ಇರುವ ಮಾಡೆಲ್ ಬೇಕು.

ಇನ್ನು ಸೋರುವ ಜಾಗ. ಮೂಗಿನ ಬದಿಯಿಂದ ನೀರು ಬಂದರೆ ಹೆಚ್ಚಾಗಿ ಮೂಗಿನ ತುಂಡು (ಎರಡು ಲೆನ್ಸನ್ನು ಮೂಗಿನ ಮೇಲೆ ಜೋಡಿಸುವ ತುಂಡು) ಅಗಲ ಆಗಿರ್ತದೆ, ಒಳ ಮೂಲೆ ಚರ್ಮಕ್ಕೆ ಮುಟ್ಟುವುದೇ ಇಲ್ಲ. ಕಿವಿಯ ಬದಿಯಿಂದ ಬಂದು, ಜೊತೆಗೆ ಮೂಗು ಒತ್ತಿದರೆ ತುಂಡು ಸಣ್ಣದಾಯ್ತು. ಹುಬ್ಬಿನ ಬದಿಯಿಂದ ಬಂದರೆ ಸ್ಟ್ರ್ಯಾಪ್ ಕೆಳಗೆ ಕೂತಿದೆ ಅಂತ ಲೆಕ್ಕ. ಕತ್ತಿನ ಕಡೆಗೆ ಇಳಿದರೆ ಲೆನ್ಸಿನ ಕೆಳಭಾಗವನ್ನು ಎಳೆದು ಮೇಲ್ಭಾಗವನ್ನು ಸಡಿಲ ಬಿಡ್ತದೆ. ಸ್ಟ್ರ್ಯಾಪ್ ಕಿವಿಯ ಮೇಲಿನಿಂದ ಹೋಗಿ ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು. ಎರಡು ಎಳೆ ಇದ್ದರೆ ಒಂದರ ಮೇಲೊಂದು ಬಿಡದೆ 2-3 ಸೆಂ.ಮೀ. ಅಂತರ ಕೊಡಿ.

ನಿಮ್ಮದು ಬಲಗಣ್ಣಿನಲ್ಲಿ ಮಾತ್ರ. ಒಂದೇ ಬದಿ ಸೋರುವಾಗ ಮೂಗಿನ ತುಂಡನ್ನು ದೂರುವ ಮೊದಲು ಗ್ಯಾಸ್ಕೆಟ್ ನೋಡಿ. ಬೆಳಕಿಗೆ ಹಿಡಿದು, ಅಂಚಿನ ಸುತ್ತ ಉಗುರಲ್ಲ, ಬೆರಳಿನ ತುದಿ ಆಡಿಸಿ. ಚೂರು ಹರಿದಿರಬಹುದು, ಡಬ್ಬಿಯಲ್ಲಿ ಒತ್ತಿ ಮಡಚಿರಬಹುದು. ಕ್ಯಾಪ್‌ನ ಅಂಚೋ ಒಂದು ಎಳೆ ಕೂದಲೋ ಅಡಿಗೆ ಸಿಕ್ಕಿದರೂ ಸಾಕು. ನಮ್ಮ ಕಡೆ ಇನ್ನೊಂದು ಉಂಟು, ತಲೆಗೆ ತೆಂಗಿನೆಣ್ಣೆ ಹಾಕಿ ಬರುವುದು. ಎಣ್ಣೆ ಹಣೆಗೆ ಇಳಿದರೆ ಯಾವ ಸಿಲಿಕೋನೂ ಹಿಡಿಯುವುದಿಲ್ಲ. ಸನ್‌ಸ್ಕ್ರೀನ್ ಕೂಡ ಕಣ್ಣಿನ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟು ಹಚ್ಚಿ.

ಹುಬ್ಬಿನ ನೋವಿಗೆ ಕಾರಣ ಉಂಟು. ಹುಬ್ಬಿನ ಮೂಳೆಯಲ್ಲಿ, ಮೂಗಿನ ಕಡೆಗೆ, ಬೆರಳಿಗೆ ಸಿಗುವ ಸಣ್ಣ ತಗ್ಗಿದೆ. ಹಣೆಗೆ ಹೋಗುವ ನರ ಅಲ್ಲಿಂದ ಹೊರಗೆ ಬರ್ತದೆ. ಗಾಗಲ್ಸ್ ಅಂಚು ಸರಿಯಾಗಿ ಅದರ ಮೇಲೆ ಕೂತು ಒತ್ತಿದರೆ ಹಣೆ, ನೆತ್ತಿವರೆಗೂ ನೋವು. ಸಡಿಲ ಮಾಡಿದರೂ ನೋವು ಹೋಗದಿದ್ದರೆ ಗಾತ್ರವನ್ನೇ ಬದಲಿಸಿ, ಒಂದೋ ಅಂಚು ಆ ತಗ್ಗಿನಿಂದ ಮೇಲಕ್ಕೆ ಹೋಗುವ ದೊಡ್ಡದು, ಇಲ್ಲ ಗುಳಿಯ ಒಳಗೇ ಕೂರುವ ಸಣ್ಣದು.

ಸುಲ್ತಾನ್‌ಬತ್ತೇರಿ:

ನೀರ್ಕಾಗೆಯವರು ಹೇಳಿದ್ದೆಲ್ಲ ಸರಿ. ಆದರೆ ಮೂಗಿನ ಬದಿ ಸೋರುವವರಿಗೆ ಸ್ವೀಡಿಷ್ ಗಾಗಲ್ಸ್ ಬಗ್ಗೆ ಯಾರೂ ಹೇಳುವುದಿಲ್ಲ ಮಾರ್ರೆ. ಅದಕ್ಕೆ ಗ್ಯಾಸ್ಕೆಟ್ ಇಲ್ಲ, ಬರೀ ಗಟ್ಟಿ ಪ್ಲಾಸ್ಟಿಕ್ ಕಪ್. ಬಿಡಿಬಿಡಿಯಾಗಿ ಬರ್ತದೆ, ನಾವೇ ಜೋಡಿಸಬೇಕು. ಮೂಗಿನ ಜಾಗದಲ್ಲಿ ದಾರ, ಅದರ ಮೇಲೆ ಸಣ್ಣ ಟ್ಯೂಬ್. ಆದ್ದರಿಂದ ಅಗಲವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಬಹುದು, ಮೂರು ಸೈಜಿನ ತುಂಡಿನಲ್ಲಿ ಅದು ಆಗುವುದಿಲ್ಲ.

ದಾರವನ್ನು ಒಂದು ಕಪ್ಪಿನ ತೂತಿನಿಂದ ಹಾಕಿ, ಟ್ಯೂಬ್ ಮೂಲಕ ಇನ್ನೊಂದು ಕಪ್ಪಿಗೆ ತಂದು, ವಾಪಸ್ ಟ್ಯೂಬ್ ಒಳಗೆ ತಂದು ಗಂಟು ಹಾಕಿ. ಗಂಟು ಹೊರಬದಿಗೆ ಇರಲಿ, ಮೂಗಿಗೆ ತಾಗಬಾರದು. ಮೊದಲು ಸಡಿಲ ಗಂಟು ಹಾಕಿ ಮುಖಕ್ಕೆ ಒತ್ತಿ ನೋಡಿ, ಸರಿಯಾದ ಮೇಲೆ ಬಿಗಿ ಗಂಟು. ಕಪ್ಪಿನ ಅಂಚಿನಲ್ಲಿ ಅಚ್ಚಿನಿಂದ ಬಂದ ಚೂಪು ಗೆರೆ ಇರ್ತದೆ. ಉಗುರು ಉಜ್ಜುವ ಫೈಲ್‌ನಿಂದ ನಯ ಮಾಡದಿದ್ದರೆ ಚರ್ಮ ಕೊಯ್ಯುತ್ತದೆ. ಜೊತೆಗೆ ಬರುವ ರಬ್ಬರ್ ಪಟ್ಟಿ ಲೇಟೆಕ್ಸ್, ಕ್ಲೋರಿನ್‌ಗೆ ಬೇಗ ಅಂಟಂಟಾಗಿ ಹರಿಯುತ್ತದೆ. ಬಂಜಿ ದಾರ (ಬಟ್ಟೆ ಸುತ್ತಿದ ಎಲಾಸ್ಟಿಕ್ ದಾರ) ಹಾಕಿದರೆ ಬಾಳಿಕೆ ಜಾಸ್ತಿ.

ನೀರ್ಕಾಗೆ:

ಸ್ಪರ್ಧೆಗೆ ಹೋಗುವವರಿಗೆ ಒಪ್ಪಿದೆ. ಈಗಲೇ ಹುಬ್ಬು ನೋಯುವವರಿಗೆ ಗಟ್ಟಿ ಪ್ಲಾಸ್ಟಿಕ್ ಕೊಡುವುದು ಬೇಡ ಅಂತ ನನ್ನ ಅಭಿಪ್ರಾಯ. ಅವರಿಗೆ ಪವರ್ ಬೇರೆ ಬೇಕು.

ಕನ್ನಡಕದಂಗಡಿ:

ಪವರ್ ವಿಷಯ ನಾನು ಹೇಳುತ್ತೇನೆ. ರೆಡಿಮೇಡ್ ಪವರ್ ಗಾಗಲ್ಸ್ ಸಿಗುತ್ತವೆ. ಸಾಮಾನ್ಯವಾಗಿ -1.5 ಅಥವಾ -2ರಿಂದ -8ರವರೆಗೆ, ಅರ್ಧ ಅರ್ಧ ಪವರ್‌ನ ಅಂತರದಲ್ಲಿ. ಕೆಲವು ಮಾಡೆಲ್‌ಗಳಲ್ಲಿ ಒಂದೊಂದರ ಅಂತರ. ಇವುಗಳಲ್ಲಿ ಸಿಲಿಂಡರ್ ಇರುವುದಿಲ್ಲ. ಅದಕ್ಕೊಂದು ಲೆಕ್ಕವಿದೆ: ಸಿಲಿಂಡರ್‌ನ ಅರ್ಧವನ್ನು ಮೂಲ ಪವರ್‌ಗೆ ಕೂಡಿಸಬೇಕು. ನಿಮ್ಮ ಬಲಗಣ್ಣಿಗೆ -3.00 ಮತ್ತು -0.50 ಸೇರಿ -3.50. ಎಡಗಣ್ಣಿಗೆ -4.25 ಸಿಗುವುದಿಲ್ಲ, -4.0 ತೆಗೆದುಕೊಳ್ಳಿ. ಎರಡು ಪವರ್‌ಗಳ ಮಧ್ಯೆ ಬಿದ್ದಾಗ ಕಡಿಮೆಯದ್ದೇ ಸರಿ. ಕೊಳದಲ್ಲಿ ನಿಮಗೆ ಬೇಕಾದದ್ದು ಗೋಡೆ, ಲೇನಿನ ಗೆರೆ, ಗಡಿಯಾರ. ಪುಸ್ತಕ ಓದುವುದಿಲ್ಲವಲ್ಲ.

ಎರಡು ಕಣ್ಣಿಗೆ ಬೇರೆ ಬೇರೆ ಪವರ್ ಆದ್ದರಿಂದ ಎಡ, ಬಲ ಲೆನ್ಸ್ ಬಿಡಿಯಾಗಿ ಮಾರುವ ಮಾಡೆಲನ್ನೇ ಹುಡುಕಿ. ಎರಡು ಲೆನ್ಸ್, ಒಂದು ಸ್ಟ್ರ್ಯಾಪ್, ಮೂಗಿನ ತುಂಡುಗಳು ಪ್ರತ್ಯೇಕವಾಗಿ ಬರುತ್ತವೆ. ಲೆನ್ಸಿನ ಹೊರಮೈ ಚಪ್ಪಟೆಯಾಗಿರಬೇಕು. ಪವರ್‌ನ ಬಾಗು ಒಳಮೈಯಲ್ಲಿ, ಗಾಳಿ ಇರುವ ಕಡೆ ಇದ್ದರೆ ಮಾತ್ರ ನೀರೊಳಗೂ ಹೊರಗೂ ಒಂದೇ ಪವರ್ ಕೆಲಸ ಮಾಡುತ್ತದೆ. ಸಿಲಿಂಡರ್ -2ಕ್ಕಿಂತ ಹೆಚ್ಚಿರುವವರಿಗೆ ಈ ಲೆಕ್ಕದಲ್ಲಿ ಮಸುಕು ಉಳಿಯುತ್ತದೆ, ಅಂಥವರು ಪವರ್‌ಗೆ ತಕ್ಕಂತೆ ಮಾಡಿಸಬೇಕು. ಹೊಸದಾಗಿ ಹಾಕಿದಾಗ ಮೆಟ್ಟಿಲು ಇಳಿಯುವಾಗ ಜಾಗ್ರತೆ, ದೂರದ ಅಂದಾಜು ಸ್ವಲ್ಪ ತಪ್ಪುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೇಲೆ ಗಾಗಲ್ಸ್ ಹಾಕುತ್ತೇನೆ ಎನ್ನುವವರಿಗೆ ಬೇಡವೆಂದೇ ಹೇಳುವುದು. ನಲ್ಲಿ, ಹೊಳೆ, ಕೊಳ ಎಲ್ಲ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಲೆನ್ಸಿನ ಅಡಿ ಸೇರಿದರೆ ಕಾರ್ನಿಯಾಗೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸೋಂಕು ತಗಲುತ್ತದೆ, ಗುಣವಾಗಲು ತಿಂಗಳುಗಟ್ಟಲೆ ಬೇಕು, ದೃಷ್ಟಿಗೂ ಅಪಾಯ.

ಇನ್ನೊಂದು ಮಾತು. ಗಾಗಲ್ಸ್ ಹಾಕಿರುವಾಗ ಕಣ್ಣೊಳಗಿನ ಒತ್ತಡ ಸ್ವಲ್ಪ ಏರುತ್ತದೆ, ಗುಳಿಯೊಳಗೆ ಕೂರುವ ಸಣ್ಣ ಗಾಗಲ್ಸ್‌ನಲ್ಲಿ ಹೆಚ್ಚು. ಸಾಮಾನ್ಯರಿಗೆ ಇದರಿಂದ ತೊಂದರೆ ಇಲ್ಲ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ, ಹೆಚ್ಚಾಗಿ ಕಣ್ಣೊಳಗಿನ ಒತ್ತಡಕ್ಕೆ ಸಂಬಂಧಿಸಿದ ರೋಗ) ಇರುವವರು, ಅದಕ್ಕೆ ಆಪರೇಷನ್ ಆದವರು, ಕಣ್ಣಿನ ಡಾಕ್ಟರನ್ನು ಕೇಳಿಯೇ ಆರಿಸಬೇಕು. ಅವರಿಗೆ ಅಗಲವಾದ ಮಾಸ್ಕ್ ಮಾದರಿ ಹೆಚ್ಚು ಹೊಂದುತ್ತದೆ.

ಕಾಪು_ದೀಪಸ್ತಂಭ:

ಗಾಗಲ್ಸ್ ಎರಡು ಬೇಕು. ಬೆಳಗ್ಗೆ ಬೇಗ ಈಜುವುದಾದರೆ, ಮೋಡದ ದಿನ, ಮೇಲೆ ಮಾಡು (ಚಾವಣಿ) ಇರುವ ಕೊಳ, ಇದಕ್ಕೆಲ್ಲ ಬಿಳಿ, ಅಂದ್ರೆ ಬಣ್ಣ ಇಲ್ಲದ ಲೆನ್ಸ್ ಅಥವಾ ತಿಳಿ ನೀಲಿ. ಮಂಗಳೂರು ಲೇಡಿಹಿಲ್‌ನ ಮಂಗಳಾ ಕೊಳದಂಥ ತೆರೆದ ಜಾಗದಲ್ಲಿ ಬಿಸಿಲು ಏರಿದ ಮೇಲೆ ಈಜುವುದಾದರೆ ಸ್ಮೋಕ್ (ಕಪ್ಪು ಛಾಯೆಯದ್ದು). ಸಮುದ್ರಕ್ಕೆ ಮಿರರ್ (ಹೊರಗೆ ಕನ್ನಡಿಯಂಥ ಲೇಪ ಇರುವುದು) ಅಥವಾ ಪೋಲರೈಸ್ಡ್ (ನೀರಿನ ಹೊಳಪು ತಡೆಯುವುದು). ನಮ್ಮ ಕಡಲು ಪಡುವಣಕ್ಕೆ. ಸಂಜೆ ಮಲ್ಪೆಯಲ್ಲೋ ಪಣಂಬೂರಿನಲ್ಲೋ ಹೊರಕ್ಕೆ ಈಜುವಾಗ ಸೂರ್ಯ ಎದುರಿಗೆ, ನೀರಿನ ಹೊಳಪು ನೇರ ಕಣ್ಣಿಗೆ. ಬೆಳಗ್ಗೆ ವಾಪಸ್ ದಡಕ್ಕೆ ಬರುವಾಗ ಎದುರು ಬಿಸಿಲು. ಬಿಳಿ ಲೆನ್ಸಿನಲ್ಲಿ ದಡದ ಗುರುತೇ ಕಾಣುವುದಿಲ್ಲ. ಅಲೆಗೆ ಸಿಕ್ಕಿ ಜಾರದ ಹಾಗೆ ಸಮುದ್ರಕ್ಕೆ ಚೂರು ದೊಡ್ಡ ಫ್ರೇಮ್ ಒಳ್ಳೆಯದು, ಬದಿಯ ನೋಟವೂ ಸಿಗ್ತದೆ. ಸ್ಟ್ರ್ಯಾಪ್ ಮೇಲೆ ಕ್ಯಾಪ್ ಹಾಕಿದರೆ ಗಾಗಲ್ಸ್ ಕಳಚಿದರೂ ಕಳೆದುಹೋಗುವುದಿಲ್ಲ.

ಗಾಗಲ್ಸ್ ಹಾಕಿ ಆಳಕ್ಕೆ ಮುಳುಗುವುದು ಬೇಡ. 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಾಗ್ತದೆ. ಡೈವಿಂಗ್ ಮಾಸ್ಕ್ ಮೂಗನ್ನೂ ಮುಚ್ಚುವುದರಿಂದ ಮೂಗಿನಿಂದ ಗಾಳಿ ಬಿಟ್ಟು ಸರಿ ಮಾಡಬಹುದು. ಗಾಗಲ್ಸ್‌ನಲ್ಲಿ ದಾರಿ ಇಲ್ಲ, ಕಣ್ಣನ್ನೇ ಹೀರ್ತದೆ, ರಕ್ತನಾಳ ಒಡೆದು ಕಣ್ಣು ಕೆಂಪಾಗ್ತದೆ.

ಫಾಗ್: ಕಣ್ಣಿನ ಹತ್ತಿರದ ಬಿಸಿ ತೇವ ಗಾಳಿ, ತಣ್ಣಗಿನ ಲೆನ್ಸಿಗೆ ತಾಗಿ ಹನಿ ಕಟ್ಟುವುದು. ಕಂಪೆನಿಯವರು ಒಳಗೆ ಬಳಿದ ಪದರ ಆ ಹನಿಗಳನ್ನು ಹರಡಿ ತೆಳು ನೀರಿನ ಪೊರೆ ಮಾಡ್ತದೆ. ಬೆರಳಿನಿಂದ, ಟವೆಲ್‌ನಿಂದ ಒಳಗೆ ಒರೆಸಿದ ದಿನವೇ ಅದರ ಕಥೆ ಮುಗಿಯಿತು. ಹಾಕುವ ಮೊದಲು ಮುಖವನ್ನು ಕೊಳದ ನೀರಿನಲ್ಲಿ ಅದ್ದಿ ತಂಪು ಮಾಡಿ, ಲೆನ್ಸನ್ನೂ ಒಮ್ಮೆ ಅದ್ದಿ, ಆಮೇಲೆ ಹಾಕಿ. ಮಧ್ಯದಲ್ಲಿ ಪದೇ ಪದೇ ಹಣೆಗೆ ಏರಿಸಿದರೆ ಹಣೆಯ ಶಾಖಕ್ಕೇ ಫಾಗ್ ಆಗ್ತದೆ.

ಪದರ ಹೋದ ಹಳೆಯ ಗಾಗಲ್ಸ್‌ಗೆ ಬೇಬಿ ಶಾಂಪೂ. ಒಂದೇ ಹನಿ, ಒದ್ದೆ ಬೆರಳಿನಿಂದ ಹಗುರಕ್ಕೆ ಹರಡಿ, ಒಮ್ಮೆ ನೀರಿನಲ್ಲಿ ಅದ್ದಿ ತೆಗೆಯುವುದು. ಜಾಸ್ತಿ ಉಳಿದರೆ ಕಣ್ಣು ಉರಿಯುತ್ತದೆ, ಪೂರ್ತಿ ತೊಳೆದರೆ ಪ್ರಯೋಜನ ಇಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಸಲಹೆ ಬರ್ತದೆ, ಕೇಳಬೇಡಿ. ಅದರಲ್ಲಿರುವ ಉಜ್ಜುವ ಪುಡಿಗೆ ಲೆನ್ಸಿನ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ ಮೇಲೆ ಗೀರು ಬೀಳ್ತದೆ.

ಈಜಿ ಆದ ಮೇಲೆ ನಲ್ಲಿ ನೀರಿನಲ್ಲಿ ಅದ್ದಿ, ಕೊಡವಿ, ನೆರಳಿನಲ್ಲಿ ಲೆನ್ಸ್ ಮೇಲ್ಮುಖ ಮಾಡದೆ ತೂಗುಹಾಕಿ. ಮಳೆಗಾಲದಲ್ಲಿ ಒದ್ದೆ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಗ್ಯಾಸ್ಕೆಟ್ ಸಂದಿನಲ್ಲಿ ಕಪ್ಪು ಬೂಸಲು ಹಿಡಿಯುತ್ತದೆ, ತೊಳೆದರೂ ಹೋಗುವುದಿಲ್ಲ. ಬೇಸಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ.

ಅಜ್ಜರಕಾಡು_ಬೆಳಗ್ಗೆ:

ಎಲ್ಲರಿಗೂ ಥ್ಯಾಂಕ್ಸ್. ಗ್ಯಾಸ್ಕೆಟ್ ನೋಡಿದೆ, ಹರಿದಿಲ್ಲ. ಸ್ಟ್ರ್ಯಾಪ್ ಇಲ್ಲದೆ ಒತ್ತಿದರೆ ಎಡಬದಿ ನಿಲ್ತದೆ, ಬಲಬದಿ ಒಳ ಮೂಲೆ ಎದ್ದು ಬರ್ತದೆ. ಮೂಗಿನ ತುಂಡು ತೆಗೀಲಿಕ್ಕೆ ಬರುವುದಿಲ್ಲ, ಎರಡು ಲೆನ್ಸ್ ಸೇರಿ ಒಂದೇ ಅಚ್ಚು. ಮತ್ತೆ, ಮಗಳಿಗೆ ಏಳು ವರ್ಷ, ಅವಳಿಗೂ ಬೇಕು. ದೊಡ್ಡವರದ್ದೇ ಸಣ್ಣ ಸೈಜ್ ತೆಗೊಂಡ್ರೆ ಎರಡು ವರ್ಷ ಬರ್ತದಲ್ವಾ?

ನೀರ್ಕಾಗೆ:

ಒಂದೇ ಅಚ್ಚಿನದ್ದಾದರೆ ರಿಪೇರಿ ಇಲ್ಲ, ಬಿಟ್ಟುಬಿಡಿ. ಮುಖದ ಎರಡು ಬದಿ ಒಂದೇ ಸಮ ಇರುವವರು ಕಡಿಮೆ, ಅದು ದೊಡ್ಡ ವಿಷಯ ಅಲ್ಲ. ಪ್ಯಾಕೆಟ್‌ನಲ್ಲಿ ಮೂರೋ ನಾಲ್ಕೋ ಮೂಗಿನ ತುಂಡು ಇರುವ ಮಾಡೆಲ್ ತೆಗೊಳ್ಳಿ. ಮಧ್ಯದ್ದರಿಂದ ಶುರು ಮಾಡಿ, ಬಲಬದಿ ಎದ್ದರೆ ಒಂದು ಸೈಜ್ ಕಡಿಮೆ. ಬದಲಿಸುವಾಗ ತುಂಡನ್ನು ತಿರುಚಿ ತೆಗೆಯಬೇಡಿ, ಕೊಕ್ಕೆ ಮುರಿಯುತ್ತದೆ. ಬಿಸಿ ನೀರಿನಲ್ಲಿ ಒಂದು ನಿಮಿಷ ಇಟ್ಟರೆ ಮೆತ್ತಗಾಗಿ ಸುಲಭಕ್ಕೆ ಬರ್ತದೆ. ಕುದಿಯುವ ನೀರು ಅಲ್ಲ ಆಯ್ತಾ. ನಿಮ್ಮ ಪವರ್ ಮಾಡೆಲ್‌ಗಳಲ್ಲಿ ತುಂಡುಗಳು ಬಿಡಿಯಾಗೇ ಬರ್ತವೆ, ಆದ್ದರಿಂದ ಎರಡೂ ಒಟ್ಟಿಗೇ ಮುಗೀತದೆ.

ಮಗಳಿಗೆ ಮಕ್ಕಳದ್ದೇ ತೆಗೊಳ್ಳಿ. ಬೆಳೆಯುವ ಮಕ್ಕಳಿಗೆ ಯೂನಿಫಾರಂ ದೊಡ್ಡದು ಹೊಲಿಸಿದ ಹಾಗೆ ಇದು ಆಗುವುದಿಲ್ಲ. ಅವಳ ಕೆನ್ನೆ ಮೂಳೆಯ ಮೇಲೆ ಅಂಚು ಕೂರ್ತದೆ, ಸೋರ್ತದೆ, ಆಮೇಲೆ ನೀವು ಬಿಗಿ ಮಾಡ್ತೀರಿ. 6ರಿಂದ 12 ವರ್ಷದವರಿಗೆ ಅಂತ ಬರೆದದ್ದು ನೋಡಿ, ಆದರೆ ಅಕ್ಷರಕ್ಕಿಂತ ಅದೇ ಒತ್ತಿ ನೋಡುವ ಪರೀಕ್ಷೆಯನ್ನು ನಂಬಿ. ಹಿಂದಿನ ಬಕಲ್ ಅವಳೇ ಸಡಿಲ ಮಾಡಲು ಬರುವಂಥದ್ದಿರಲಿ.

ತೆಗೆಯುವುದನ್ನು ಮೊದಲೇ ಕಲಿಸಿ. ಮಕ್ಕಳು ಲೆನ್ಸನ್ನು ಹಿಡಿದು ಮುಂದಕ್ಕೆ ಎಳೀತಾರೆ, ಒದ್ದೆ ಕೈಯಿಂದ ಜಾರಿದರೆ ಸ್ಟ್ರ್ಯಾಪ್‌ನ ಬಲಕ್ಕೆ ಗಟ್ಟಿ ಪ್ಲಾಸ್ಟಿಕ್ ನೇರ ಕಣ್ಣಿಗೆ ಬಡಿಯುತ್ತದೆ. ದೊಡ್ಡ ಪೆಟ್ಟೇ ಆಗ್ತದೆ ಅದು. ಹಾಕುವಾಗ ಮೊದಲು ಕಪ್ಪನ್ನು ಕಣ್ಣಿಗೆ ಒತ್ತಿ ಹಿಡಿದು ಆಮೇಲೆ ಸ್ಟ್ರ್ಯಾಪ್ ಹಿಂದಕ್ಕೆ. ತೆಗೆಯುವಾಗ ಹೆಬ್ಬೆರಳನ್ನು ಹಿಂಬದಿಯ ಸ್ಟ್ರ್ಯಾಪ್ ಅಡಿಗೆ ಹಾಕಿ, ತಲೆಯ ಮೇಲಿನಿಂದ ಮುಂದಕ್ಕೆ ತರುವುದು.

ಅಜ್ಜರಕಾಡು_ಬೆಳಗ್ಗೆ:

ಸರಿ. ಬಲಕ್ಕೆ -3.5, ಎಡಕ್ಕೆ -4.0, ಬಿಳಿ ಲೆನ್ಸ್, ಮೂಗಿನ ತುಂಡು ಬಿಡಿ ಇರುವುದು. ಸಮುದ್ರದ್ದು ಆಮೇಲೆ ನೋಡುವ.